ಜೋಸೆಫ್ ಚೇಟ್ಟನ ಹಲಗೆ

ಗೆರೆ ಕರ್ಸರಿಗೆ ಅಂಟಿಕೊಂಡಿದೆ, ಮೌಸ್ ಅತ್ತ ಎಳೆದರೆ ಅತ್ತ, ಇತ್ತ ಎಳೆದರೆ ಇತ್ತ, ಒಂದು ತುದಿ ಮಾತ್ರ ಊರಿದ್ದೇನೆ, ಇನ್ನೊಂದು ತುದಿ ಇನ್ನೂ ಎಲ್ಲೂ ಇಲ್ಲ — ಕೆಳಗಿನ ಗೋದಾಮಿನ ಒಣಶುಂಠಿಯ ಘಾಟು ಮೆಟ್ಟಿಲು ಹತ್ತಿ ಬರುತ್ತಿದೆ, ಕೊಚ್ಚಿಯ ಈ ಮಟ್ಟಾಂಚೇರಿಯಲ್ಲಿ ಹನ್ನೊಂದು ವರ್ಷ ಕೂತರೂ ಈ ಮೂಗಿಗೆ ಬುದ್ಧಿ ಬಂದಿಲ್ಲ, ಸೀನು ಬಂದ ಹಾಗೆ ಆಗುತ್ತದೆ, ಬರುವುದಿಲ್ಲ — ಟ್ಯಾಬ್ ಒತ್ತಿದರೆ ಉದ್ದದ ಚೌಕ ಬಿಟ್ಟು ಕೋನದ ಚೌಕಕ್ಕೆ ಹೋಗುತ್ತದೆ, ಅಲ್ಲಿ ಅಂಕೆ ಹಾಕು, ಎಂಟರ್ ಹೊಡೆ, ಓರೆ ಗೆರೆ ನಿಂತುಬಿಡುತ್ತದೆ, ಇಷ್ಟೇ ಕೆಲಸ, ಕಾಸರಗೋಡಿನ ಐಟಿಐಯಲ್ಲಿ ಮೊದಲ ವಾರದ ಪಾಠ, ಬಲಕ್ಕೆ ಸೊನ್ನೆ, ನೆಟ್ಟಗೆ ಮೇಲಕ್ಕೆ ತೊಂಬತ್ತು, ಅಲ್ಲಿ ಎಲ್ಲರಿಗಿಂತ ಮೊದಲು ಮುಗಿಸುತ್ತಿದ್ದವಳು ನಾನು, ಹಂಸಾ ಎಂದರೆ ಗೆರೆ, ಗೆರೆ ಎಂದರೆ ಹಂಸಾ. ನಾಲ್ಕು ಪಾಯಿಂಟ್ ಏಳು ಆರು ಹಾಕು ಹಂಸಾ, ಬೇರೇನೂ ಮುಟ್ಟಬೇಡ, ತಾರೀಕು ಹಳೆಯದೇ ಇರಲಿ, ಹನ್ನೆರಡು ಗಂಟೆಗೆ ಮೇಸ್ತ್ರಿ ಜೋಸೆಫ್ ಬಂದು ಪ್ರಿಂಟ್ ಕೇಳುತ್ತಾನೆ, ಕೊಟ್ಟು ಕಳಿಸು — ನಮ್ಮ ಆರ್ಕಿಟೆಕ್ಟ್ ಸಂದೀಪ್ ಸಾರ್ ಬೆಳಿಗ್ಗೆ ಹೇಳಿದ್ದು ಇಷ್ಟು, ಹೇಳುವಾಗ ನನ್ನ ಮುಖ ನೋಡಲಿಲ್ಲ, ಕಂಪ್ಯೂಟರಿನ ಮುಖ ನೋಡಿದರು, ಆಮೇಲೆ ಮೆತ್ತಗೆ, ಏಳು ಜನರ ಅನ್ನ ಇದೆ ಈ ಆಫೀಸಿನಲ್ಲಿ, ನಿನ್ನದೂ ಸೇರಿ.

ಒಂದಕ್ಕೆ ಹನ್ನೆರಡು. ಗಾಲಿಕುರ್ಚಿಯ ಇಳಿಜಾರಿಗೆ ಅದೇ ನಿಯಮ, ಒಂದಡಿ ಏರಬೇಕಾದರೆ ಹನ್ನೆರಡು ಅಡಿ ಉದ್ದ ಬೇಕು, ಕೋನದಲ್ಲಿ ಹೇಳಿದರೆ ನಾಲ್ಕು ಪಾಯಿಂಟ್ ಏಳು ಆರು ಡಿಗ್ರಿ, ನನಗೆ ಗೊತ್ತಿಲ್ಲದ್ದೇನಲ್ಲ, ನಿದ್ದೆಯಲ್ಲಿ ಕೇಳಿದರೂ ಹೇಳುತ್ತಿದ್ದೆ, ಆದರೆ ಆ ಸಂಜೆ ಐದೂಮುಕ್ಕಾಲರ ಬೋಟು ಹಿಡಿಯುವ ಗಡಿಬಿಡಿ, ತಲೆಯಲ್ಲಿ ಹನ್ನೆರಡು ಇತ್ತು, ಬೆರಳಿಗೆ ಹನ್ನೆರಡು ಬಂತು, ಕೋನದ ಚೌಕದಲ್ಲಿ ಹನ್ನೆರಡು ಎಂದೇ ಒತ್ತಿದೆ. ಹನ್ನೆರಡು ಡಿಗ್ರಿ. ಆ ಕೋನದಲ್ಲಿ ಒಂದಡಿ ಏರಲು ಐದಡಿಯೂ ಇರುವುದಿಲ್ಲ. ಹದಿನೆಂಟು ಅಡಿ ಉದ್ದ ಬೇಕಿದ್ದ ಇಳಿಜಾರು ಏಳಡಿಗೆ ಮುಗಿಯಿತು, ಮುಗಿದದ್ದು ನೋಡಿ ಅನುಮಾನ ಬರಬೇಡವೇ ಹೆಂಗಸೇ, ಬರಲಿಲ್ಲ, ಸಂತೋಷ ಬಂತು, ತಿರುವನಂತಪುರದ ಪಟ್ಟಂ ವಾಚನಾಲಯದ ಅಂಗಳದ ಮಾವಿನಮರ ಕಡಿಯುವುದು ತಪ್ಪಿತು ಎಂದು ಸಂದೀಪ್ ಸಾರ್ ಹಿಗ್ಗಿ, ಹಂಸಾ ಮಿಡುಕ್ಕಿ, ಜಾಣೆ ಕಣೇ ನೀನು ಎಂದು ನೋಡದೇ ಸಹಿ ಹಾಕಿದರು. ಜೋಸೆಫ್ ಚೇಟ್ಟ ಒಬ್ಬರೇ ಕೇಳಿದ್ದು. ಮೇಸ್ತ್ರಿ, ನಮಗೆಲ್ಲ ಚೇಟ್ಟ, ಅಣ್ಣ, ನಲವತ್ತು ವರ್ಷ ಕಲ್ಲು ಗಾರೆ ಮುಟ್ಟಿದ ಕೈ, ತಿರುವನಂತಪುರದಿಂದ ಫೋನು ಮಾಡಿ, ಮೋಳೇ, ಇದು ಸ್ವಲ್ಪ ಕಡಿದಾಯಿತಲ್ಲವಾ, ಎಂದರು, ಮೋಳೇ ಎಂದರೆ ಮಗಳೇ. ನಾನು ಊಟದ ಡಬ್ಬಿ ಬಿಚ್ಚುತ್ತಿದ್ದೆ. ಡ್ರಾಯಿಂಗ್ ಪ್ರಕಾರ ಮಾಡಿ ಚೇಟ್ಟಾ, ಅಂದೆ. ಅಷ್ಟೇ ಅಂದೆ. ಫೈಲು ತೆರೆದು ನೋಡಲು ಎರಡು ನಿಮಿಷ ಸಾಕಿತ್ತು, ಸಾರು ತಣ್ಣಗಾಗುತ್ತದೆ ಎಂದು ನೋಡಲಿಲ್ಲ.

ಶಾಂತಾ ಟೀಚರ್ ನನ್ನ ಕೈ ಹಿಡಿದುಕೊಂಡದ್ದು ಆ ಇಳಿಜಾರಿನ ಬುಡದಲ್ಲೇ, ಉದ್ಘಾಟನೆಯ ದಿನ, ನಾನು ಅಮ್ಮನ ಹತ್ತಿರ ಫೋನಿನಲ್ಲಿ ಮಾತಾಡುವುದು ಕೇಳಿಸಿಕೊಂಡು, ಅಯ್ಯೋ, ಕನ್ನಡದವಳೇನಮ್ಮಾ ನೀನು, ಬಾ ಇಲ್ಲಿ — ಮೈಸೂರಿನವರು, ಗಂಡ ಬಾಹ್ಯಾಕಾಶ ಕೇಂದ್ರದಲ್ಲಿದ್ದರಂತೆ, ಈಗಿಲ್ಲ, ಕಾಲು ಸೋತು ಆರು ವರ್ಷ, ಮೂರು ವರ್ಷ ಅರ್ಜಿ ಬರೆದು ಬರೆದು ಆ ಇಳಿಜಾರು ತರಿಸಿದವರು. ಇಬ್ಬರು ಗಂಡಸರು ಕುರ್ಚಿ ಸಮೇತ ನನ್ನ ಮೂಟೆ ಹಂಗೆ ಎತ್ತಿ ಮೇಲಿಡ್ತಿದ್ರು ಕಣಮ್ಮಾ, ಓದೋ ಆಸೆಗೆ ಅದನ್ನೂ ಸಹಿಸ್ಕೊಂಡೆ, ಇನ್ಮೇಲೆ ನಾನೊಬ್ಬಳೇ ಹತ್ತಿ ಬರ್ತೀನಿ, ಯಾರನ್ನೂ ಕೇಳಲ್ಲ, ನೋಡ್ತಾ ಇರು. ಆವತ್ತು ಹಿಂದೆ ತಳ್ಳುವುದಕ್ಕೆ ಹತ್ತು ಕೈ ಇದ್ದವು. ಒಂಬತ್ತನೆಯ ದಿನ ಒಬ್ಬರೇ ಬಂದರು, ಹೇಳಿದ ಹಾಗೆ. ಕುರ್ಚಿಯ ಮುಂದಿನ ಚಿಕ್ಕ ಗಾಲಿಗಳು ನೆಲ ಬಿಟ್ಟವಂತೆ, ಗಾಲಿಗೂ ಸಿಮೆಂಟಿಗೂ ನಡುವೆ ಬೆಣೆಯ ಹಾಗೆ ಒಂದು ಸಂದಿ, ಒಳಗಿನಿಂದ ವಾಚನಾಲಯದವರು ನೋಡಿದ್ದು ಆ ಸಂದಿಯನ್ನು, ಓಡಿ ಬರುವಷ್ಟರಲ್ಲಿ ಕುರ್ಚಿ ಹಿಂದಕ್ಕೆ — ತಲೆ ಮೊದಲು. ನಾಲ್ಕು ದಿನ ಇದ್ದರು. ಆಮೇಲೆ ಇಲ್ಲ. ಎಂತ ಹಂಸಾ, ಸ್ವರ ಸಣ್ಣ ಆಗಿದೆಯಲ್ಲಾ, ಉಂಡಿಯಾ, ಎಂದು ಅಮ್ಮ ಕೇಳಿದರೆ ಹೂಂ ಉಂಡೆ ಅಂದೆ, ಉಂಡದ್ದು ನಿಜವೇ, ಅದೂ ಒಂದು ನಾಚಿಕೆ, ಗಂಟಲಿನಲ್ಲಿ ಅನ್ನ ಇಳಿಯುತ್ತದೆ.

ಬುಧವಾರ ವಿಚಾರಣೆ. ಕೆಲಸದ ಜಾಗದ ಪ್ರಿಂಟು ಮಳೆಗೆ ನೆನೆದು ಮುದ್ದೆಯಾಗಿದೆ, ವಾಚನಾಲಯದ ಸಮಿತಿಯವರ ಬಳಿ ಇರುವುದು ಬಣ್ಣದ ಚಿತ್ರ ಮಾತ್ರ, ಇನ್ನು ಉಳಿದದ್ದು ಈ ಫೈಲು. ಇಲ್ಲಿ ಗೆರೆ ಸರಿಯಾಗಿಬಿಟ್ಟರೆ ತಪ್ಪು ಎಲ್ಲಿಗೆ ಹೋಗುತ್ತದೆ, ಗಾಳಿಗೆ ಹೋಗುತ್ತದೆಯೇ, ಜೋಸೆಫ್ ಚೇಟ್ಟನ ತಲೆಗೆ ಹೋಗುತ್ತದೆ, ಸಿಮೆಂಟ್ ಉಳಿಸಲು ಮೇಸ್ತ್ರಿ ಮೋಟು ಮಾಡಿದ ಎಂದು ಸಂದೀಪ್ ಸಾರ್ ಹೇಳಲೂ ಬೇಕಿಲ್ಲ, ಕಾಗದವೇ ಹೇಳುತ್ತದೆ. ಕೋತಿ ಮೊಸರು ತಿಂದು ಮೇಕೆಯ ಬಾಯಿಗೆ ಒರೆಸಿತು. ಒರೆಸುವುದು ಹೇಗೆಂದರೆ ಹೀಗೆ, ಟ್ಯಾಬ್, ನಾಲ್ಕು, ಚುಕ್ಕೆ, ಏಳು, ಆರು. ಎಂಟರ್. ಕೈ ಒತ್ತಿತು, ನಾನಲ್ಲ, ಕೈ — ಸುಳ್ಳು, ನಾನೇ. ಹಳೆಯ ಗೆರೆಯ ಕೆಳಗೆ ಹೊಸ ಗೆರೆ, ಎರಡೂ ಒಂದೇ ಬಿಂದುವಿನಿಂದ ಹೊರಟು ಹೋಗುತ್ತ ಹೋಗುತ್ತ ಬಾಯಿ ಬಿಡುತ್ತವೆ, ನಡುವೆ ಅದೇ ಸಂದಿ, ಅದೇ ಬೆಣೆ, ಆ ಚಿಕ್ಕ ಗಾಲಿಗಳು ಅಲ್ಲಿ ನಿಂತಿವೆ, ಮೇಲಿನ ಗೆರೆಯನ್ನು ಆರಿಸಿ ಅಳಿಸಿದೆ, ಸಂದಿ ಹೋಯಿತು. ಈಗ ಬೇಕಾದರೂ ಒಂದು ಗುಂಡಿ ಒತ್ತಿದರೆ ಹಿಂದಿನದು ಬರುತ್ತದೆ, ಈಗಲೂ ಬರುತ್ತದೆ — ಪ್ರಿಂಟರ್ ಗುರುಗುಟ್ಟುತ್ತಿದೆ, ಮರದ ಮೆಟ್ಟಿಲಿನ ಮೇಲೆ ಹೆಜ್ಜೆ.

ಎನ್ದಾ ಮೋಳೇ, ಸುಖಮಾಣೋ, ಸುಖವಾ, ಎಂದು ಜೋಸೆಫ್ ಚೇಟ್ಟ ನಗುತ್ತಾರೆ, ಫೋರ್ಟ್ ಕೊಚ್ಚಿಯಿಂದ ಬಿಸಿಲಿನಲ್ಲಿ ನಡೆದೇ ಬಂದಿದ್ದಾರೆ, ಕಂಕುಳಲ್ಲಿ ಬಟ್ಟೆ ಸುತ್ತಿದ ಏನೋ, ಮೋಳ ಡ್ರಾಯಿಂಗ್ ಇದ್ದರೆ ನನಗೇನು ಭಯ, ನೋಡು ಇದನ್ನು ನಾನು ಎಸೆದಿಲ್ಲ — ಬಟ್ಟೆ ಬಿಚ್ಚಿದರು, ಹಲಗೆ. ಅಯ್ಯೋ ಹಲಗೆ. ಜೋಸೆಫ್ ಚೇಟ್ಟನಿಗೆ ಅಂಕೆ ಬೇಡ, ಪ್ರಿಂಟಿನ ಗೆರೆಯ ಮೇಲೆ ಹಲಗೆ ಇಟ್ಟು, ಪೆನ್ಸಿಲ್ ಎಳೆದು, ಅದೇ ಓರೆಗೆ ಕೊಯ್ದುಕೊಂಡು, ಅದನ್ನೇ ಹಿಡಿದು ಗಾರೆ ಹಾಕುತ್ತಾರೆ, ಎಲ್ಲ ಕೆಲಸಕ್ಕೂ ಹಾಗೇ, ನಾನೇ ಎಷ್ಟು ಸಲ ನೋಡಿ ತಮಾಷೆ ಮಾಡಿದ್ದೇನೆ, ಹೇಗೆ ಮರೆತೆ. ವಿಚಾರಣೆಯಲ್ಲಿ ಎಲ್ಲರ ಎದುರಿಗೆ ಹೀಗೆ ಇಟ್ಟು ತೋರಿಸುತ್ತೇನೆ ಮೋಳೇ, ಕೂದಲೆಳೆಯೂ ತಪ್ಪಿಲ್ಲ ಎಂದು, ಎನ್ನುತ್ತ ನನ್ನ ಮೇಜಿನ ಮೇಲಿನ ಬಿಸಿ ಪ್ರಿಂಟಿನ ಮೇಲೆ ಹಲಗೆ ಇಟ್ಟರು. ಎತ್ತಿದರು. ಅಂಚಿನ ಧೂಳು ಊದಿದರು. ಮತ್ತೆ ಇಟ್ಟರು. ಗಾಜಿನ ಆಚೆ ಸಂದೀಪ್ ಸಾರ್ ತಲೆ ಎತ್ತಿದ್ದಾರೆ. ಹೇಳು ಹಂಸಾ, ಹೇಳು, ಹಲಗೆ ಸರಿ, ಕಾಗದ ಸುಳ್ಳು, ನಾಲ್ಕು ಮಾತು, ಬಾಯಿ ಇದೆಯಲ್ಲ, ಉಣ್ಣುವುದಕ್ಕೆ ಇದೆಯಲ್ಲ — ಜೋಸೆಫ್ ಚೇಟ್ಟ ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿ ಹಾಕಿಕೊಂಡು, ತಪ್ಪು ನನ್ನದೇ ಮೋಳೇ, ಎಂದರು, ಅದಕ್ಕೇ ಅಲ್ಲವಾ ಆವತ್ತು ನೀನು, ಡ್ರಾಯಿಂಗ್ ಪ್ರಕಾರ ಮಾಡಿ ಎಂದದ್ದು, ನಾನೇ ಕೊಯ್ಯುವಾಗ, ಈ ಕಣ್ಣು, ಕರ್ತಾವೇ, ದೇವರೇ, ಆ ಟೀಚರನ್ನು ನಾನೇ. ಮೇಕೆಯೇ ತಾನು ತಿಂದೆ ಎನ್ನುವುದು ಗಾದೆಯಲ್ಲಿ ಇರಲಿಲ್ಲ. ಅವರ ಬೆರಳು ಸಂದಿಯ ಒಳಗೆ ಹೋಗಿದೆ, ಅಳೆಯುತ್ತಿದೆ, ಮೇಲೆ ಮರದ ಅಂಚು, ಕೆಳಗೆ ನನ್ನ ಗೆರೆ, ನಡುವೆ ಬಿಳಿ ಕಾಗದ, ಒಂದು ಕಡೆ ಏನೂ ಇಲ್ಲ, ಇನ್ನೊಂದು ಕಡೆ ಬೆರಳು ಹೋಗುವಷ್ಟು, ಬೆರಳು ಹೋಗುವಷ್ಟು ಸಂದಿ, ಸಂದಿ