ಅರೆಗಣ್ಣು

“ಹೊಂಬಾಳಮ್ಮ, ಕಣ್ಣು ಮುಚ್ಚಿ.”

“ಮುಚ್ಕಂಡೇ ಇವ್ನಿ ಮೇಡಮ್ಮೋರೇ.”

ಶವಾಸನದಲ್ಲಿ ಮಲಗಿದ್ದ ಹೆಂಗಸರಲ್ಲಿ ಇಬ್ಬರು ಕಿಸಕ್ಕನೆ ನಕ್ಕರು. ಹೊಂಬಾಳಮ್ಮನ ಎಡಗಣ್ಣು ಮಾತ್ರ ಮುಚ್ಚಿತ್ತು. ಬಲಗಣ್ಣು ಸಮುದಾಯ ಭವನದ ಬಾಗಿಲು, ಕಿಟಕಿ, ಹೊರಗಿನ ಮೆಟ್ಟಿಲು ಎಲ್ಲವನ್ನೂ ಕಾಯುತ್ತಿತ್ತು.

ಮಳವಳ್ಳಿಯ ಶಾಲೆಯೊಂದರಲ್ಲಿ ಬಿಸಿಯೂಟ ಬೇಯಿಸುವ ಅವಳಿಗೆ ಐವತ್ತಾರು ವರ್ಷ. ಬಿಪಿ ಏರಿದೆ, ಮಾತ್ರೆಯ ಜೊತೆ ಯೋಗವನ್ನೂ ಮಾಡಿ ಎಂದು ಡಾಕ್ಟರು ಹೇಳಿದ್ದೇ ತಡ, ಜೊತೆಯ ಅಡುಗೆಯವಳು ಸಣ್ಣತಾಯಮ್ಮ ಕೈಹಿಡಿದು ಎಳೆದುಕೊಂಡು ಬಂದಿದ್ದಳು. ಮೂರು ವಾರದಲ್ಲಿ ಬಗ್ಗುವುದು, ತಿರುಗುವುದು, ಒಂಟಿಗಾಲಲ್ಲಿ ನಿಲ್ಲುವುದು ಎಲ್ಲ ಬಂತು. ದಿನಾ ಹಂಡೆಗಟ್ಟಲೆ ಅನ್ನ ಬಸಿಯುವ ಮೈ ಅದು. ಸುಮ್ಮನೆ ಮಲಗಿ ಕಣ್ಣು ಮುಚ್ಚುವುದೊಂದು ಬರಲಿಲ್ಲ.

ಹೇಳಿಕೊಡುತ್ತಿದ್ದ ಅರುಂಧತಿ ಮೇಡಂ ಕ್ಲಾಸು ಮುಗಿದ ಮೇಲೆ ಹತ್ತಿರ ಬಂದರು. “ಒತ್ತಾಯ ಮಾಡ್ಕೋಬೇಡಿ. ಯಾವಾಗ ಮುಚ್ಚುತ್ತೆ, ಯಾವಾಗ ಮುಚ್ಚಲ್ಲ, ಅದನ್ನಷ್ಟೇ ನೋಡ್ಕೊಂಡು ಬಂದು ನನಗೆ ಹೇಳಿ.”

“ಕಣ್ಣನ್ನ ಕಣ್ಣೇ ನೋಡದಾ?” ಎಂದು ಹೊಂಬಾಳಮ್ಮ ನಕ್ಕಳು. ಆದರೆ ಆ ಮಾತು ಅವಳ ಬೆನ್ನು ಹತ್ತಿತು. ಮನೆಯಲ್ಲಿ ಒಬ್ಬಳೇ ಬಾಗಿಲು ಹಾಕಿಕೊಂಡು ಮಲಗಿ ನೋಡಿದಳು, ಮುಚ್ಚಿತು. ಗಂಡ ಮಾದಯ್ಯ ಪಕ್ಕದಲ್ಲಿ ಗೊರಕೆ ಹೊಡೆಯುವಾಗಲೂ ಮುಚ್ಚಿತು. ಗುಡಿಯಲ್ಲಿ ಮಂಗಳಾರತಿಯ ಹೊತ್ತಿಗೆ ಎಲ್ಲರ ಕಣ್ಣೂ ಮುಚ್ಚಿದ್ದವು, ಅವಳದಿಲ್ಲ. ಮದ್ದೂರಿಗೆ ಹೋಗುವಾಗ ಬಸ್ಸಿನಲ್ಲಿ ಆಗಲಿಲ್ಲ, ಬರುವಾಗ ತೂಕಡಿಸಿದಳು. ಜನರಿದ್ದರೆ ಮುಚ್ಚುವುದಿಲ್ಲ ಎನ್ನೋಣವೆಂದರೆ, ಒಂದು ಗುರುವಾರ ಭವನದಲ್ಲಿ ಅಷ್ಟು ಹೆಂಗಸರ ನಡುವೆಯೇ ನಿದ್ದೆ ಹೋದಳು. ಶುಕ್ರವಾರ ಮತ್ತೆ ಹಳೆಯ ಪಾಡು.

“ನೆನ್ನೆ ಏನಿತ್ತು, ಇವತ್ತು ಏನಿಲ್ಲ?” ಎಂದು ಸೊಪ್ಪು ಹೆಚ್ಚುತ್ತ ಸಣ್ಣತಾಯಮ್ಮನನ್ನು ಕೇಳಿದಳು.

“ನೆನ್ನೆ ಆ ವೀಣ ಬಂದಿರ್ನಿಲ್ಲ ಕಣಕ್ಕ. ಇನ್ನೆಲ್ಲಾ ಅಂಗೇ ಇತ್ತು.”

ವೀಣ ತನ್ನ ನಾಲ್ಕು ವರ್ಷದ ಮಗಳು ತನ್ಮಯಿಯನ್ನು ಜೊತೆಗೆ ಕರೆತರುತ್ತಿದ್ದಳು. ದೊಡ್ಡವರು ಮಲಗಿರುವಾಗ ಆ ಮಗು ಬಾಗಿಲ ಬಳಿ ಎಲ್ಲರ ಚಪ್ಪಲಿ ಜೋಡಿಸಿಕೊಂಡು ಆಡುತ್ತಿತ್ತು. ಹೊಂಬಾಳಮ್ಮ ಹೆಚ್ಚುವುದನ್ನು ನಿಲ್ಲಿಸಿದಳು. ಗುಡಿಯಲ್ಲೂ ಮಕ್ಕಳಿದ್ದವು. ಮದ್ದೂರಿನ ಬಸ್ಸಿನಲ್ಲಿ, ಹೋಗುವಾಗ, ಮುಂದಿನ ಸೀಟಿನಲ್ಲಿ ಒಂದು ಕೂಸಿತ್ತು.

ಶನಿವಾರ ತನ್ಮಯಿ ಬಂದಿದ್ದಳು. ಚಪ್ಪಲಿಗಳ ಸದ್ದು ಕೇಳುತ್ತಿತ್ತು. ಏನು ಬರುತ್ತದೋ ನೋಡೇಬಿಡೋಣ ಎಂದು ಹೊಂಬಾಳಮ್ಮ ಹಲ್ಲು ಕಚ್ಚಿ ಎರಡೂ ಕಣ್ಣು ಮುಚ್ಚಿದಳು. ಸದ್ದು ನಿಂತಿತು. ಆದರೂ ತೆರೆಯಲಿಲ್ಲ. ಸ್ವಲ್ಪ ಹೊತ್ತಿಗೆ ಬಂದದ್ದು ಹೊಳೆಯ ಮರಳಿನ ವಾಸನೆ. ಕಣ್ಣೀರು ಇಳಿದು ಎರಡೂ ಕಿವಿಯೊಳಗೆ ಸೇರಿತು.

ಅರುಂಧತಿ ಮೇಡಂ ಬಂದು ಪಕ್ಕದಲ್ಲಿ ಕೂತರು. ಎದ್ದು ಕುಳಿತ ಹೊಂಬಾಳಮ್ಮ ಸೆರಗಿನಿಂದ ಕಿವಿ ಒರೆಸಿಕೊಂಡಳು. “ಗೊತ್ತಾಯ್ತು ಮೇಡಮ್ಮೋರೇ. ಆದ್ರೆ ಮೊದ್ಲು ನನ್ ಮಗಂಗೆ ಯೇಳ್ಬೇಕು.”

ಮಗ ಯತೀಶನಿಗೆ ಜಲಪಾತದ ಬಳಿಯ ಬ್ಲಫ್ ಎಂಬ ಊರಿನ ವಿದ್ಯುತ್ ಕೇಂದ್ರದಲ್ಲಿ ಕೆಲಸ. ಭಾನುವಾರ ರಜೆಗೆ ಬಂದವನಿಗೆ ಮುದ್ದೆ, ಸೊಪ್ಪಿನ ಸಾರು ಬಡಿಸಿ ಎದುರಿಗೆ ಕೂತಳು. ಮಾದಯ್ಯ ಗದ್ದೆಗೆ ಹೋಗಿದ್ದ.

“ನಿಂಗೆ ನಾಕು ವರ್ಸ ಇದ್ದಾಗ ಮುತ್ತತ್ತೀಲಿ ಒಳೆಗೆ ಬಿದ್ದಿದ್ದೆಯಲ್ಲ ಮಗ.”

“ನೂರು ಸಲ ಯೇಳಿದ್ದೀಯ. ನಿನ್ ಕೈ ಕೊಸರ್ಕಂಡು ಓಡ್ದೆ, ಕಾಲು ಜಾರ್ತು, ತೆಪ್ಪದೋನು ಜುಟ್ಟು ಇಡ್ದು ಎತ್ತಿದ.”

“ಕೊಸರ್ಕಂಡಿದ್ದು ಸುಳ್ಳು ಕಣ್ಲಾ.” ಅವಳು ಸೌಟು ಕೆಳಗಿಟ್ಟಳು. “ನಿಮ್ಮಪ್ಪ ಕಾಯಿ ಒಡಸಕ್ಕೆ ಗುಡಿಗೆ ಓಗಿದ್ರು. ನಾನು ಮರದಡೀಲಿ ನಿದ್ದೆ ಮಾಡ್ಬುಟ್ಟಿದ್ದೆ. ತೆಪ್ಪದೋನು ಕೂಗಿದ್ ಮ್ಯಾಲೇ ಎಚ್ಚರ ಆಗಿದ್ದು. ಯಾರಿಗೂ ಯೇಳ್ನಿಲ್ಲ. ಮೂವತ್ತು ವರ್ಸದಿಂದ ತಪ್ಪನ್ನ ನಿನ್ ಮ್ಯಾಲೇ ಆಕ್ಕಂಡು ಬಂದಿವ್ನಿ.”

ಯತೀಶ ಮುರಿದ ತುತ್ತನ್ನು ತಟ್ಟೆಯಲ್ಲೇ ಬಿಟ್ಟ.

“ನಂಗೊತ್ತು ಕಣವ್ವ, ನೀನು ಮಲಗಿದ್ದು. ನಂಗೆ ನೆಪ್ಪಿರೋದು ಅದೊಂದೇಯ. ನೀರು, ತೆಪ್ಪ ಒಂದೂ ಇಲ್ಲ. ಅಲ್ಲಿಗಂಟ ನೀನು ಮಲಗಿದ್ದನ್ನ ನಾನು ನೋಡೇ ಇರ್ನಿಲ್ಲ. ನಾನು ಏಳೋ ಹೊತ್ಗೆ ನೀನು ಎದ್ದಿರ್ತಿದ್ದೆ, ನಾನು ಮಲಗಿದ್ ಮ್ಯಾಲೂ ಕೆಲಸ ಮಾಡ್ತಿದ್ದೆ. ಎಬ್ಬಿಸ್ಬಾರ್ದು ಅಂತ ಸದ್ದು ಮಾಡ್ದಂಗೆ ಎದ್ದೋದೆ.”

“ಇಷ್ಟ್ ದಿನ ಯಾಕ್ಲಾ ಯೇಳ್ನಿಲ್ಲ?”

“ಮಗ ಕೈ ಕೊಸರ್ಕಂಡ ಅಂತ ನೀನು ಎಲ್ರಿಗೂ ಯೇಳ್ತಿದ್ದೆ. ಅಂಗೇ ಇರ್ಲಿ ಬುಡು ಅನ್ಕಂಡೆ.”

ಹೊಂಬಾಳಮ್ಮ ಅವನ ಮುಖವನ್ನೇ ನೋಡಿದಳು. ಕೇಳಲೋ ಬೇಡವೋ ಎಂಬಂತೆ ಕೇಳಿದಳು. “ಎಂಗಿದ್ದೆ?”

“ಯಾರು?”

“ನಾನು. ಮಲಗಿದ್ದಾಗ.”

ಯತೀಶ ನೆನಪಿಸಿಕೊಂಡ. “ಬಾಯಿ ವಸಿ ತೆರ್ಕಂಡಿತ್ತು. ಕೆನ್ನೆ ಮ್ಯಾಲೆ ಒಂದು ಇರುವೆ ಅರೀತಿತ್ತು. ಕೈಯಲ್ಲಿ ತಗುದ್ರೆ ಎದ್ಬುಟ್ಟೀಯ ಅಂತ ಊದ್ದೆ.”

“ಎಂಗೆ?”

ಅವನು ತಟ್ಟೆಯ ಮೇಲೆ ಮುಂದಕ್ಕೆ ಬಾಗಿ, ತುಟಿ ಚೂಪು ಮಾಡಿ, ಮೆಲ್ಲಗೆ ಊದಿ ತೋರಿಸಿದ. ಅವಳ ಹಣೆಯ ಮೇಲಿನ ಒಂದು ಬಿಳಿ ಕೂದಲೆಳೆ ಅಲುಗಿತು.