ಮುಂದಿನ ಕಾರ್ಬ್ಯುರೇಟರಿನ ಕೆಮ್ಮು

ಅಕ್ಕ ತೀರಿಕೊಂಡದ್ದು ಫೆಬ್ರವರಿಯಲ್ಲಿ. ಷೆಡ್ಡಿನಲ್ಲಿದ್ದ ಅವಳ ಹಳೆಯ ಸ್ಪೋರ್ಟ್ಸ್ ಕಾರನ್ನು ಅಪ್ಪ ಮತ್ತೆ ಚಾಲೂ ಮಾಡಿದ್ದು ಮಾರ್ಚ್‌ನಲ್ಲಿ. ಅದು ಕೆಮ್ಮಿದ್ದೂ ಅಂದೇ. ಆ ಕೆಮ್ಮು ಅಕ್ಕನದೆಂದು ಅಪ್ಪ ನಂಬಿದ್ದು ಏಪ್ರಿಲ್‌ನಲ್ಲಿ.

ಕಾರಿಗೆ ಎರಡು ಕಾರ್ಬ್ಯುರೇಟರುಗಳು. ಗಾಳಿಯೊಡನೆ ಪೆಟ್ರೋಲು ಬೆರೆಸಿ ಎಂಜಿನ್ನಿಗೆ ಉಣಿಸುವುದು ಅವುಗಳ ಕೆಲಸ. ಎರಡೂ ಸಮನಾಗಿ ಉಸಿರಾಡುತ್ತಿವೆಯೇ ಎಂದು ತಿಳಿಯಲು ಮೆಕ್ಯಾನಿಕ್ಕಾದ ಅಪ್ಪ ರಬ್ಬರ್ ಕೊಳವೆಯ ಒಂದು ತುದಿಯನ್ನು ಅವುಗಳ ಬಾಯಿಗೂ ಇನ್ನೊಂದನ್ನು ತಮ್ಮ ಕಿವಿಗೂ ಹಿಡಿಯುತ್ತಿದ್ದರು. ಅಕ್ಕನಿಗೆ ಆ ವಿದ್ಯೆ ಕಲಿಸಿದ್ದೂ ಅವರೇ. ಈಗ ಕೊಳವೆ ಮುಂದಿನ ಕಾರ್ಬ್ಯುರೇಟರನ್ನು ಬಿಟ್ಟು ಕದಲುತ್ತಿರಲಿಲ್ಲ. ಎರಡು ಸಣ್ಣ ಕೆಮ್ಮು, ಬಿಡುವು, ಮತ್ತೊಂದು: ಕಳೆದ ಚಳಿಗಾಲವಿಡೀ ಗೋಡೆಯಾಚೆ ಅಕ್ಕನ ಕೋಣೆಯಿಂದ ನಾವು ಕೇಳಿದ್ದ ಲಯ. ಮೊದಲ ಸಲ ಕೇಳಿದಾಗ ನಾನೂ ಆ ಕೋಣೆಯತ್ತ ತಿರುಗಿ ನೋಡಿದೆ.

"ಷೆಡ್ ತುಂಬ ಹೊಗೆ, ಒಳಗೆ ನಿಮ್ಮಪ್ಪ," ಎಂದಳು ಅಮ್ಮ. "ಊಟಕ್ಕೂ ಏಳಲ್ಲ. ಹೀಗೇ ಆದ್ರೆ ಇವ್ರನ್ನೂ ಕಳ್ಕೋತೀವಿ ಕಣೋ."

ನಾನು ಷೆಡ್ಡಿನ ಬಾಗಿಲನ್ನು ಪೂರ್ತಿ ತೆರೆದೆ. "ಅಪ್ಪಾ, ಬಿಚ್ಚಿ ನೋಡೋಣ. ಪೆಟ್ರೋಲು ಕಮ್ಮಿ ಆದ್ರೆ ಕಾರ್ಬ್ಯುರೇಟರು ಕೆಮ್ಮುತ್ತೆ, ಅಷ್ಟೇ."

"ಬಂದ್ರಪ್ಪ ಬಿ.ಎಸ್ಸಿ. ಸಾಹೇಬ್ರು! ಸ್ಪ್ಯಾನರ್ ಯಾವ ಕಡೆ ಹಿಡೀಬೇಕು ಗೊತ್ತಾ? ಮುಟ್ಟಿದ್ರೆ ಕೈ ಮುರೀತೀನಿ. ಅವಳು ಕೊನೇಲಿ ಕೈ ಇಟ್ಟಿದ್ದು ಅದಕ್ಕೇ."

"ಸರಿ, ಮುಟ್ಟಲ್ಲ. ಬೆಟ್ಟದ ಮೇಲಕ್ಕೆ ಹೋಗ್ಬರೋಣ. ಇದ್ರಲ್ಲೇ ಹೋಗ್ಲೇಬೇಕು ಅಂತಿದ್ಲಲ್ಲ ಅಕ್ಕ."

ಅಪ್ಪ ಕೊಳವೆಯನ್ನು ಕೊರಳಿಗೆ ಸುತ್ತಿಕೊಂಡು ಎದ್ದರು.

ಎತ್ತರ ಏರಿದಂತೆ ಗಾಳಿ ತೆಳುವಾಯಿತು. ತಿರುವಿನಿಂದ ತಿರುವಿಗೆ ಕೆಮ್ಮು ಕ್ಷೀಣಿಸಿತು. ಕಾರಿನ ಹಿಂದೆ ಮಾತ್ರ ಕಪ್ಪು ಹೊಗೆ ಬೆಳೆಯಿತು. ಮರಗಳು ಮುಗಿದು ಬರೀ ಕಲ್ಲು ಉಳಿದಲ್ಲಿ ಅಪ್ಪ ನಿಲ್ಲಿಸಲು ಹೇಳಿ, ಬಾನೆಟ್ ಎತ್ತಿ, ಕೊಳವೆ ಹಿಡಿದರು.

"ಕೆಮ್ತಾ ಇಲ್ಲ ಕಣೋ. ನಿದ್ದೆ ಹತ್ತಿದೋಳ ಥರ ಉಸಿರಾಡ್ತಿದಾಳೆ."

ಆಮೇಲೆ, ಎಷ್ಟೋ ವಾರಗಳಲ್ಲಿ ಮೊದಲ ಬಾರಿಗೆ, ಕೊಳವೆ ಹಿಂದಿನ ಕಾರ್ಬ್ಯುರೇಟರಿಗೆ ಸರಿಯಿತು. "ಇದು ಏದುಸಿರು ಬಿಡ್ತಿದೆ." ಅವರ ಹುಬ್ಬು ಗಂಟಿಕ್ಕಿತು. ಕಸುಬಿನ ಮನುಷ್ಯ ಮರಳಿದ್ದನ್ನು ನಾನು ಕಂಡೆ. ಎಂಜಿನ್ನನ್ನು ಅವರೇ ಆರಿಸಿದರು.

"ಕೊಡು ಸ್ಪ್ಯಾನರ್. ಹಿಡಿಕೆ ನನ್ ಕಡೆ ಇರ್ಲಿ, ಸಾಹೇಬ."

ಅವರು ಎರಡನ್ನೂ ಬಿಚ್ಚಿ, ಪೆಟ್ರೋಲು ಹಾಯುವ ಹಿತ್ತಾಳೆಯ ಪುಟ್ಟ ಜೆಟ್ಟುಗಳನ್ನು ಬೆಳಕಿಗೆ ಹಿಡಿದರು. ಹಿಂದಿನದರಲ್ಲಿ ಬಯಲಿನ ಗಾಳಿಗೆ ತಕ್ಕ ದೊಡ್ಡ ರಂಧ್ರದ್ದು. ಮುಂದಿನದರಲ್ಲಿ, ತೆಳು ಗಾಳಿಗೆಂದೇ ಮಾಡಿದ ಕಿರಿದಾದದ್ದು; ಬಯಲಲ್ಲಿ ಅದರಿಂದ ಹಾಯುವ ಪೆಟ್ರೋಲು ಸಾಲದೆ ಕೆಮ್ಮು. ಬೆಟ್ಟಕ್ಕೆಂದು ಅಕ್ಕ ಒಂದನ್ನು ಬದಲಿಸಿ, ಇನ್ನೊಂದಕ್ಕೆ ಬರುವ ಮೊದಲೇ ಹಾಸಿಗೆ ಹಿಡಿದಿದ್ದಳು.

ಕಾರಿನಲ್ಲೇ ಇದ್ದ ಅಕ್ಕನ ಸಲಕರಣೆ ಪೆಟ್ಟಿಗೆಯಿಂದ ಅಪ್ಪ ಇನ್ನೊಂದು ಕಿರಿ ಜೆಟ್ಟನ್ನು ತೆಗೆದು ಹಿಂದಿನದಕ್ಕೆ ತಾವೇ ಕೂರಿಸಿದರು. ಎಂಜಿನ್ ಮತ್ತೆ ಚಾಲೂ ಮಾಡಿದಾಗ ಎರಡೂ ಸಮನಾಗಿ ಉಸಿರಾಡಿದವು.

ಕೆಮ್ಮಿಗೆ ಕಾರಣ ಸಿಕ್ಕಿತು. ಅಕ್ಕನದೇ ಆದ ಆ ಲಯಕ್ಕೆ ಸಿಗಲಿಲ್ಲ.