ಶೇಷ ಒಂದು

ಮೆಟ್ಟಿಲಿನ ತಿರುವಿನಲ್ಲಿ ಸ್ಟ್ರೆಚರ್ ಸಿಕ್ಕಿಕೊಂಡಿತು.

"ತಲೆ ಕಡೆ ಮೇಲೆತ್ತೋ," ಎಂದ ದೊಡ್ಡ ಮಾವ ಕೆಳಗಿನಿಂದ. ಅವನು ಬಸ್ ಕಂಡಕ್ಟರ್. ಇಕ್ಕಟ್ಟಿನಲ್ಲಿ ಜನರನ್ನು ಒಳಗೆ ತಳ್ಳಿ ಗೊತ್ತೇ ಹೊರತು ಹೊರಗೆ ಸಾಗಿಸಿ ಗೊತ್ತಿರಲಿಲ್ಲ.

"ಎತ್ತಿದೀನಲ್ಲ, ಗೋಡೆ ಅಡ್ಡ ಬರ್ತಿದೆ. ನೀನೇ ಇನ್ನೆರಡು ಮೆಟ್ಟಿಲು ಇಳಿ."

"ಇಳಿದ್ರೆ ಜಾರುತ್ತೆ ಕಣೋ."

"ಹಾಗಾದ್ರೆ ಇಲ್ಲೇ ಇರ್ಲಿ ಬಿಡು. ಬಾಡಿಗೆ ಕಟ್ಟಿದಾಳೆ, ತಿಂಗಳು ಮುಗಿಯೋವರೆಗೆ ಮನೆ ಅವಳದ್ದೇ ತಾನೇ," ಎಂದ ಚಿಕ್ಕ ಮಾವ. ಹೆದರಿದಾಗಲೆಲ್ಲ ತಮಾಷೆ ಮಾಡುವುದು ಅವನ ಅಭ್ಯಾಸ.

ಸತ್ತವಳು ಅವರಿಬ್ಬರ ಅಕ್ಕ. ಶರ್ಟ್ ಹೊಲಿಯುವ ಕಾರ್ಖಾನೆಯಲ್ಲಿ ಗುಂಡಿ ಹಾಕುತ್ತಿದ್ದಳು. ಅಲ್ಲಿ ಅವಳನ್ನು ಎಲ್ಲರೂ ಗುಂಡಿ ಅಕ್ಕ ಎನ್ನುತ್ತಿದ್ದರು. ನಿನ್ನೆ ಊಟದ ಬಿಡುವಿನಲ್ಲಿ ತಲೆನೋವು ಎಂದು ಮೇಜಿನ ಮೇಲೆ ತಲೆಯಿಟ್ಟವಳು ಗಂಟೆ ಹೊಡೆದಾಗ ಏಳಲಿಲ್ಲ. ಮೇಸ್ತ್ರಿ ಬಂದು ಬೈದ ಮೇಲೆಯೇ ಪಕ್ಕದವರಿಗೆ ಗೊತ್ತಾಗಿದ್ದು.

"ಓರೆ ಮಾಡಿ ಮಾವ," ಎಂದಿತು ಮೇಲಿನಿಂದ ಒಂದು ಸಣ್ಣ ದನಿ. "ಬೀರು ತಂದಾಗ ಹಾಗೇ ಮಾಡಿದ್ರು."

ಐದನೇ ಕ್ಲಾಸಿನ ಹುಡುಗಿ. ಸತ್ತವಳ ತಂಗಿಯ ಮಗಳು. ಆ ತಂಗಿ ಯಾವತ್ತೋ ಸತ್ತಿದ್ದಳು. ಅಪ್ಪ ಎನ್ನುವವನು ಒಂದೆರಡು ಸಲ ಫೋನ್ ಮಾಡಿ ಆಮೇಲೆ ನಂಬರು ಬದಲಿಸಿದ್ದ. ಹುಡುಗಿಯನ್ನು ಸಾಕಿದ್ದು ಈ ದೊಡ್ಡಮ್ಮನೇ.

ಅವರು ಹೆಣವನ್ನು ಓರೆ ಮಾಡಿದರು. ಸ್ಟ್ರೆಚರ್ ಸಲೀಸಾಗಿ ಇಳಿಯಿತು.

ಮಣ್ಣಿಗೆ ಹಾಕುವಾಗ ಕಾರ್ಖಾನೆಯ ಇಸ್ತ್ರಿ ವಿಭಾಗದವಳು ಬಿಕ್ಕುತ್ತಲೇ ಪಕ್ಕದವಳ ಕಿವಿಯಲ್ಲಿ, "ಜೀವಮಾನ ಪೂರ್ತಿ ಗುಂಡಿ ಗುಂಡಿ ಅಂತ ಸತ್ಲು, ಕೊನೆಗೂ ಗುಂಡಿಗೇ ಹೋದ್ಲು ನೋಡು," ಎಂದಳು. ಪಕ್ಕದವಳು ನಗು ತಡೆಯಲಾಗದೆ ಸೆರಗನ್ನು ಬಾಯಿಗೆ ತುರುಕಿಕೊಂಡಳು. ನೋಡಿದವರು ಅಳುತ್ತಿದ್ದಾಳೆ ಎಂದುಕೊಂಡರು.

ಸತ್ತವಳ ಕೊನೇ ತಂಗಿ, ಹುಡುಗಿಯ ಚಿಕ್ಕಮ್ಮ, ಅಷ್ಟು ಹೊತ್ತೂ ಹುಡುಗಿಯ ಕೈ ಹಿಡಿದುಕೊಂಡಿದ್ದಳು. ಬೆವರಿದರೂ ಬಿಡಲಿಲ್ಲ. ಹಾಗಾದರೆ ಇನ್ನು ಚಿಕ್ಕಮ್ಮನ ಮನೆ ಎಂದು ಹುಡುಗಿ ಅಂದುಕೊಂಡಳು. ನಿನ್ನೆಯಿಂದ ಅವಳಿಗಿದ್ದ ಯೋಚನೆ ಅದೊಂದೇ. ಅಳುವುದಕ್ಕೂ ಅದು ಬಿಟ್ಟಿರಲಿಲ್ಲ.

*

ಹಿಂದೊಂದು ದಿನ, ನಲವತ್ತೈದನ್ನು ಏಳರಿಂದ ಭಾಗಿಸಿ, ಉತ್ತರ ಐದು, ಶೇಷ ಹತ್ತು ಎಂದು ಬರೆದು ಹುಡುಗಿ ಶಾಲೆಯಲ್ಲಿ ಬೈಸಿಕೊಂಡು ಬಂದಿದ್ದಳು. ಯಾಕೆ ತಪ್ಪು ಎಂದು ಯಾರೂ ಹೇಳಿರಲಿಲ್ಲ. ಭಾಜ್ಯ ಯಾವುದು, ಭಾಜಕ ಯಾವುದು ಎನ್ನುವುದು ದೊಡ್ಡಮ್ಮನಿಗೂ ಮರೆತಿತ್ತು. ಅವಳು ಚಾಪೆಯ ಮೇಲೆ ಗುಂಡಿಗಳನ್ನು ಸುರಿದಳು.

"ಒಂದು ಶರ್ಟಿಗೆ ಏಳು. ಹಂಚು."

ಹುಡುಗಿ ಐದು ಗುಡ್ಡೆ ಮಾಡಿ ಕೈಕಟ್ಟಿ ಕೂತಳು.

"ಮುಗೀತಾ? ಕೈಲಿ ಎಷ್ಟಿದೆ?"

"ಹತ್ತು."

"ಹತ್ತು ಇಟ್ಕೊಂಡು ಮುಗೀತು ಅಂತೀಯಲ್ಲೇ ಜಿಪುಣಿ. ಇನ್ನೊಂದು ಶರ್ಟಿಗೆ ಆಗಲ್ವಾ?"

ಆಯಿತು. ಮೂರು ಉಳಿದವು.

"ಈಗ?"

"ಈಗ ಆಗಲ್ಲ. ಮೂರು ಗುಂಡಿಗೆ ಶರ್ಟ್ ಆಗಲ್ಲ."

"ಅಷ್ಟೇ ಲೆಕ್ಕ. ಕೊಡೋವಷ್ಟು ಕೊಟ್ಟ ಮೇಲೂ ಯಾರಿಗೂ ಸಲ್ಲದೆ ಉಳಿಯುತ್ತಲ್ಲ, ಅದು ಶೇಷ."

ಹುಡುಗಿ ಆ ಮೂರನ್ನು ಬೆರಳಿನಿಂದ ಸರಿಸುತ್ತಾ, "ಇವನ್ನ ಏನ್ ಮಾಡ್ತಾರೆ?" ಎಂದು ಕೇಳಿದಳು. ದೊಡ್ಡಮ್ಮನಿಗೆ ನಿದ್ದೆ ಬರುತ್ತಿತ್ತು. "ಯಾರಾದ್ರೂ ಡಬ್ಬಿಗೆ ಹಾಕಿಟ್ಕೊಂಡ್ರೆ ಉಂಟು, ಇಲ್ಲಾಂದ್ರೆ ಗುಡಿಸಿ ಎಸೀತಾರೆ," ಎಂದಳು.

ದಶಮಾಂಶಕ್ಕೆ ಬಂದಾಗ ಗುಂಡಿ ಕೆಲಸಕ್ಕೆ ಬರಲಿಲ್ಲ. ಐದು ಮೀಟರ್ ಬಟ್ಟೆ ಇಬ್ಬರಿಗೆ ಎಂದು ದೊಡ್ಡಮ್ಮ ಶುರುಮಾಡಿದಳು. ತಲಾ ಎರಡು, ಶೇಷ ಒಂದು ಎಂದಳು ಹುಡುಗಿ.

"ಬಟ್ಟೇಲಿ ಎಂಥಾ ಶೇಷ? ಕತ್ತರಿ ಇಲ್ವಾ? ಪಾಯಿಂಟ್ ಇಡು, ಸೊನ್ನೆ ಇಳಿಸು, ಮುಂದೆ ಹೋಗು. ಗುಂಡಿ ಒಡೆದ್ರೆ ಗುಂಡಿ ಅಲ್ಲ. ಬಟ್ಟೆ ಕತ್ತರಿಸಿದ್ರೂ ಬಟ್ಟೇನೇ."

"ಯಾವಾಗ ಬಿಡ್ಬೇಕು, ಯಾವಾಗ ಮುಂದೆ ಹೋಗ್ಬೇಕು ಅಂತ ಹೇಗೆ ಗೊತ್ತಾಗುತ್ತೆ?"

"ಏನನ್ನ ಹಂಚ್ತಿದೀಯ ಅಂತ ನೋಡ್ಕೋಬೇಕು," ಎಂದಳು ದೊಡ್ಡಮ್ಮ. ಅವಳಿಗೆ ಅದು ಗೊತ್ತಿತ್ತು. ತವರುಮನೆ ಭಾಗವಾದ ದಿನ ಪಾತ್ರೆ, ಮಂಚ, ಗೋಡೆ ಎಲ್ಲವೂ ಸರಿಯಾಗಿ ಹಂಚಿಹೋಗಿ, ಹಾಸಿಗೆ ಹಿಡಿದ ತಾಯಿ ಮಾತ್ರ ಉಳಿದಿದ್ದಳು. ಮದುವೆಯಾಗದ ಇವಳು ತಾಯಿಯನ್ನು ಕರೆದುಕೊಂಡು ಬಾಡಿಗೆ ಕೋಣೆಗೆ ಬಂದಳು. ತಾಯಿ ಸತ್ತ ಮೇಲೆ ಹುಡುಗಿ ಬಂತು.

*

ಮಣ್ಣು ಮಾಡಿ ಬಂದ ದೊಡ್ಡವರು ಕೈಕಾಲು ತೊಳೆದು ಕೋಣೆಯಲ್ಲಿ ಕೂತರು. ಮನೆ ಓನರಮ್ಮ ಟೀ ತಂದಿಟ್ಟು ಹೋಗದೆ ಬಾಗಿಲಲ್ಲೇ ನಿಂತಳು.

"ಆರನೇ ಕ್ಲಾಸಿಗೆ ಹಾಸ್ಟೆಲಲ್ಲಿ ತಗೋತಾರೆ," ಎಂದ ದೊಡ್ಡ ಮಾವ. "ವಿಚಾರಿಸಿದೀನಿ. ಅಲ್ಲೀವರೆಗೆ ಹತ್ತು ತಿಂಗಳು. ಹೇಗೋ ತಳ್ಳಬೇಕು."

"ತಳ್ಳೋದೇನು, ಅವಳೇನು ಕೆಟ್ಟ ಬಸ್ಸಾ?" ಎಂದಳು ಚಿಕ್ಕಮ್ಮ.

"ಮತ್ತೆ ನೀನೇ ಇಟ್ಕೋ ತಾಯಿ. ಯಾರು ಬೇಡ ಅಂದ್ರು?"

ಹುಡುಗಿ ತಲೆಯೆತ್ತಿದಳು. ಚಿಕ್ಕಮ್ಮ ಟೀ ಲೋಟದೊಳಗೆ ನೋಡಿದಳು. "ನಮ್ಮತ್ತೆ ವಿಷಯ ನಿನಗೆ ಗೊತ್ತಿಲ್ವಾ ಅಣ್ಣಾ. ನಾನೇ ಅಲ್ಲಿ ಉಸಿರು ಬಿಗಿಹಿಡಿದು ಇದೀನಿ."

"ನಮ್ಮಲ್ಲೂ ಮೂರು ಹುಡುಗರು ಒಂದೇ ಮಂಚದಲ್ಲಿ ಮಲಗ್ತಾವೆ. ಅದಕ್ಕೇ ಹೇಳ್ತಿರೋದು, ಮೂರು ಮನೆ, ಸಮವಾಗಿ ಭಾಗ ಮಾಡ್ಕೊಳ್ಳೋಣ," ಎಂದ ದೊಡ್ಡ ಮಾವ.

"ಹತ್ತು ತಿಂಗಳು ಮೂರು ಮನೆಗೆ ಎಷ್ಟಾಯ್ತೋ," ಎಂದ ಚಿಕ್ಕ ಮಾವ. "ಏಯ್ ಲೆಕ್ಕದ ಮೇಡಂ, ನೀನೇ ಹೇಳು. ನಿಮ್ಮ ದೊಡ್ಡಮ್ಮ ಊರಿಗೆಲ್ಲ ಹೇಳ್ತಿದ್ಲು, ನಮ್ಮ ಹುಡುಗಿ ಭಾಗಾಕಾರದಲ್ಲಿ ಫಸ್ಟು ಅಂತ."

"ಥೂ, ಅವಳನ್ನ ಕೇಳ್ತೀಯೇನೋ," ಎಂದಳು ಚಿಕ್ಕಮ್ಮ.

"ಮೂರು," ಎಂದಳು ಹುಡುಗಿ. "ಶೇಷ ಒಂದು."

ದೊಡ್ಡ ಮಾವ ಬೆರಳಿನ ಗಂಟು ಮುರಿದ. ಚಿಕ್ಕ ಮಾವ ಟೀ ತಣ್ಣಗಾಗಿದೆ ಎಂದ.

"ಆ ಒಂದು ತಿಂಗಳು ನಾನು ಇಲ್ಲೇ ಇರ್ತೀನಿ," ಎಂದಳು ಹುಡುಗಿ. "ಅನ್ನ ಮಾಡೋಕೆ ಬರುತ್ತೆ."

ಓನರಮ್ಮ ಬಾಗಿಲ ಚಿಲಕವನ್ನು ಸವರಿದಳು. "ಒಂದನೇ ತಾರೀಕಿಗೆ ಬೇರೆಯವರು ಬರ್ತಾರೆ ಮಗಾ. ಮಾತಾಗಿದೆ."

"ಪಾಯಿಂಟ್ ಇಟ್ಟು ಮಾಡು ನೋಡೋಣ," ಎಂದ ಚಿಕ್ಕ ಮಾವ. ಈ ಸಲ ಅವನ ದನಿಯಲ್ಲಿ ತಮಾಷೆ ಇರಲಿಲ್ಲ.

ಹುಡುಗಿ ಟೀ ಲೋಟದ ಕೆಳಗಿದ್ದ ಹಳೆ ಪೇಪರ್ ಎಳೆದುಕೊಂಡು ಅಂಚಿನ ಖಾಲಿ ಜಾಗದಲ್ಲಿ ಬರೆದಳು. ಮೂರು ಮೂರ್ಲೆ ಒಂಬತ್ತು, ಉಳಿದದ್ದು ಒಂದು. ಪಾಯಿಂಟ್ ಇಟ್ಟು ಸೊನ್ನೆ ಇಳಿಸಿದಳು. ಮೂರು ಮೂರ್ಲೆ ಒಂಬತ್ತು. ಮತ್ತೆ ಒಂದು. ಇನ್ನೊಂದು ಸೊನ್ನೆ ಇಳಿಸಿದಳು. ಮತ್ತೆ ಒಂದು. ಎಲ್ಲೋ ತಪ್ಪಿದೆ ಎನಿಸಿ ಹೊಡೆದುಹಾಕಿ ಮೊದಲಿನಿಂದ ಶುರುಮಾಡಿದಳು. ಇಂಥ ಲೆಕ್ಕವನ್ನು ದೊಡ್ಡಮ್ಮ ಮಾಡಿಸಿರಲಿಲ್ಲ. ಮೂರುಗಳು ಪೇಪರಿನ ಅಂಚು ಹಿಡಿದು ಸಾಗಿ ಮೂಲೆ ತಿರುಗಿದವು.

"ಮುಗಿಯಲ್ಲ ಮಾವ," ಎಂದಳು ಕೊನೆಗೆ, ತಾನೇ ಏನೋ ಕೆಡಿಸಿದವಳಂತೆ. "ಎಷ್ಟು ಸಲ ಕೊಟ್ರೂ ಒಂದು ಉಳಿಯುತ್ತೆ."

"ಸಾಕು, ನಿಲ್ಸು," ಎಂದ ದೊಡ್ಡ ಮಾವ.

ಹುಡುಗಿ ಪೆನ್ನು ಕೆಳಗಿಡದೆ ಚಿಕ್ಕಮ್ಮನನ್ನೇ ನೋಡಿದಳು. ಚಿಕ್ಕಮ್ಮ ಬಾಯಿ ತೆರೆದಳು. ಕೆಳಗೆ ಬೀದಿಯಲ್ಲಿ ಅವಳ ಗಂಡ ಸ್ಕೂಟರಿನ ಹಾರ್ನ್ ಒತ್ತಿದ.

"ಬಟ್ಟೆ ತುಂಬ್ಕೋ ಮರಿ," ಎಂದಳು. "ಮೊದ್ಲು ದೊಡ್ಡ ಮಾವನ ಮನೆ. ಆಮೇಲೆ ನೋಡೋಣ."

*

ಸ್ವಲ್ಪ ಹೊತ್ತಿನ ಮೇಲೆ ಚಿಕ್ಕಮ್ಮ ಒಳಗೆ ಬಂದಾಗ ಬಟ್ಟೆಗಳು ನೆಲದ ಮೇಲೆ ಮೂರು ಗಂಟಾಗಿದ್ದವು. ಪ್ರತಿಯೊಂದರಲ್ಲೂ ಎರಡು ಫ್ರಾಕು, ಒಂದು ಟವೆಲ್.

"ಇದ್ಯಾಕೆ ಹೀಗೆ ಮಾಡಿದೆ?"

"ಹೊತ್ಕೊಂಡು ಓಡಾಡೋದು ಬೇಡ ಅಂತ. ಎಲ್ಲರ ಮನೇಲೂ ಇರುತ್ತೆ."

ಹುಡುಗಿ ಹಾಕಿಕೊಂಡಿದ್ದ ಫ್ರಾಕಿನ ಮೇಲೆಯೇ ಶಾಲೆಯ ಯೂನಿಫಾರ್ಮ್ ಏರಿಸಿದ್ದಳು. ಕತ್ತಿನ ಹತ್ತಿರ ಎರಡೂ ಮುದ್ದೆಯಾಗಿದ್ದವು.

"ನಾಳೆ ಭಾನುವಾರ ಕಣೇ."

"ಗೊತ್ತು. ಇದು ಒಂದೇ ಇರೋದು."

ದೊಡ್ಡ ಮಾವ ಬಾಡಿಗೆ ಕಾರು ತರಿಸಿದ್ದ. ಅವನ ಹೆಂಡತಿ, ಮೂವರು ಮಕ್ಕಳು ಆಗಲೇ ಕೂತಿದ್ದರು. ಹುಡುಗಿ ತನ್ನ ಗಂಟಿನ ಜೊತೆ ಹತ್ತಿದಳು. ಚಿಕ್ಕಮ್ಮ ತನ್ನ ಪಾಲಿನ ಗಂಟನ್ನು ಕಂಕುಳಲ್ಲಿಟ್ಟುಕೊಂಡು ಕಿಟಕಿಯಿಂದ ಬಗ್ಗಿ ನೋಡಿದಳು. ಹುಡುಗಿ ಸೀಟಿನ ತುದಿಯಲ್ಲಿ, ಬಾಗಿಲಿಗೆ ಒತ್ತಿಕೊಂಡು ಕೂತಿದ್ದಳು. ಕಾಲಲ್ಲಿ ಇನ್ನೂ ಮಣ್ಣಿತ್ತು. ಕಾರಿನ ನೆಲಕ್ಕೆ ತಾಗದಂತೆ ಎರಡೂ ಪಾದಗಳನ್ನು ಮೇಲೆತ್ತಿ ಹಿಡಿದಿದ್ದಳು. ಕಾರು ಹೊರಟಾಗಲೂ ಇಳಿಸಲಿಲ್ಲ.